ಮಣ್ಣಲ್ಲಿ ಸಿಕ್ಕಿದ್ದು ಯಾರದ್ದು?

ನನ್ನ ಮೇಜಿನ ಮೇಲೆ ಒಂದು ಅಂಗುಸ್ತಾನ ಇದೆ. ಹೊಲಿಯುವಾಗ ಸೂಜಿ ಚುಚ್ಚದಿರಲಿ ಅಂತ ಬೆರಳ ತುದಿಗೆ ಹಾಕಿಕೊಳ್ಳುತ್ತಾರಲ್ಲ, ಆ ಪುಟ್ಟ ಲೋಹದ ಟೋಪಿ. ಹಿತ್ತಾಳೆಯದ್ದು. ನನ್ನ ಕಿರುಬೆರಳಿಗೆ ಮಾತ್ರ ಹೋಗುತ್ತದೆ, ಅದೂ ಉಗುರಿನ ತನಕ. ಸೂಜಿಯ ಹಿಂಬದಿ ಜಾರಬಾರದು ಅಂತ ಮೈತುಂಬ ಸಣ್ಣ ಸಣ್ಣ ಗುಳಿ ಹೊಡೆದಿದ್ದಾರೆ. ಒಂದು ಪಕ್ಕದಲ್ಲಿ ಮಾತ್ರ ಆ ಗುಳಿಗಳು ಸವೆದು ನುಣ್ಣಗಾಗಿವೆ. ಆ ನುಣುಪಿನ ನಡುವೆ ಒಂದು ತೂತು. ಅದೇ ಜಾಗದಲ್ಲಿ ಸಾವಿರಾರು ಸಲ ಸೂಜಿ ಒತ್ತಿ ಒತ್ತಿ ಹಿತ್ತಾಳೆಯೇ ತೆಳುವಾಗಿ ಹರಿದುಹೋಗಿದೆ. ಇದು ಸಿಕ್ಕಿದ್ದು ಒಂದು ಹೊಲದ ನಟ್ಟನಡುವೆ, ಸುಮಾರು ಒಂದು ಗೇಣು ಆಳದಲ್ಲಿ. ಮೆಟಲ್ ಡಿಟೆಕ್ಟರ್ ಹಿಡಿದು ನಾನು ಹೊಲ ಸುತ್ತಲು ಶುರುಮಾಡಿದ ಮೊದಲ ವರ್ಷ ಅದು.

ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಹೊಲಿಯುವ ಕೆಲಸ ಮನೆಯೊಳಗಿನದ್ದು, ಹೆಚ್ಚೆಂದರೆ ಜಗಲಿಯದ್ದು. ಹೊಲದ ನಡುವೆ ಕೂತು ಬಟ್ಟೆ ಹೊಲಿದವರು ಯಾರು? ನಾನು ಸುಮ್ನೆ ಕೂತಾಗೆಲ್ಲ ಒಬ್ಬಳನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಕೆಲಸದ ನಡುವೆ ಬಿಡುವು ಸಿಕ್ಕಿದೆ, ಮರದ ನೆರಳಲ್ಲಿ ಕೂತು ಮಗುವಿನ ಅಂಗಿಗೆ ತೇಪೆ ಹಾಕುತ್ತಿದ್ದಾಳೆ, ಯಾರೋ ಕೂಗುತ್ತಾರೆ, ಎದ್ದು ಓಡುತ್ತಾಳೆ. ಸಂಜೆ ಮನೆಗೆ ಬಂದು ನೋಡಿದರೆ ಅಂಗುಸ್ತಾನ ಇಲ್ಲ. ಚಂದದ ಕಥೆ. ಎಷ್ಟು ಚಂದ ಅಂದರೆ, ಕೆಲವು ತಿಂಗಳು ನಾನು ಅದನ್ನು ನಿಜ ಅಂತಲೇ ನಂಬಿಕೊಂಡಿದ್ದೆ. ಬಂದವರಿಗೆಲ್ಲ ಹೇಳುತ್ತಿದ್ದೆ ಕೂಡ.

ಆಮೇಲೆ ತಿಳಿಯಿತು, ಹೊಲದಲ್ಲಿ ಸಿಗುವ ಎಷ್ಟೋ ಸಣ್ಣ ವಸ್ತುಗಳು ಹೊಲದಲ್ಲಿ ಕಳೆದದ್ದೇ ಅಲ್ಲ. ಮನೆಯಲ್ಲಿ ಗುಂಡಿ ಕಿತ್ತು ಬೀಳುತ್ತದೆ, ಸೂಜಿ ಬೀಳುತ್ತದೆ, ಮಡಕೆ ಒಡೆಯುತ್ತದೆ. ಕಸ ಗುಡಿಸುವಾಗ ಎಲ್ಲವೂ ತಿಪ್ಪೆಗೆ ಹೋಗುತ್ತದೆ. ತಿಪ್ಪೆ ಗೊಬ್ಬರವಾಗುತ್ತದೆ, ಗೊಬ್ಬರ ಗಾಡಿ ಹತ್ತಿ ಹೊಲ ಸೇರುತ್ತದೆ. ಮತ್ತೆ ಪ್ರತಿ ಉಳುಮೆಗೂ ನೇಗಿಲು ಅದನ್ನು ಮೇಲಕ್ಕೆ ಎತ್ತಿ, ಕೆಳಕ್ಕೆ ತಳ್ಳಿ, ಆಚೆ ಈಚೆ ಎಳೆದಾಡುತ್ತದೆ. ಅಂದರೆ ಮರದ ನೆರಳೂ ಇಲ್ಲ, ಕೂಗಿದವರೂ ಇಲ್ಲ. ಅಂಗುಸ್ತಾನದ ಯಜಮಾನಿ ಆ ಹೊಲಕ್ಕೆ ಕಾಲೇ ಇಟ್ಟಿರಲಿಕ್ಕಿಲ್ಲ. ಮನೆಯ ಯಾವುದೋ ಮೂಲೆಯಲ್ಲಿ ಬಗ್ಗಿ ಬಗ್ಗಿ ಹುಡುಕಿರುತ್ತಾಳೆ, ಅದು ಅಷ್ಟರಲ್ಲಿ ಗಾಡಿ ಹತ್ತಿ ಹೋಗಿರುತ್ತದೆ. ಯಜಮಾನಿ ಅಂತ ಬರೆಯುವಾಗಲೂ ಈಗ ಕೈ ತಡೆಯುತ್ತದೆ. ಹೊಲಿಯುವವರು ಗಂಡಸರೂ ಇದ್ದರಲ್ವಾ? ಇದು ಒಬ್ಬ ದರ್ಜಿಯದ್ದೂ ಆಗಿರಬಹುದು, ದರ್ಜಿಯ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗನದ್ದೂ ಆಗಿರಬಹುದು.

ನಿಜವಾಗಿ ಗೊತ್ತಿರುವುದು ಇಷ್ಟೇ. ಯಾರೋ ಒಬ್ಬರು ಒಂದೇ ಬೆರಳಿನ ಒಂದೇ ಪಕ್ಕದಿಂದ ವರ್ಷಗಟ್ಟಲೆ ಸೂಜಿ ತಳ್ಳಿದರು. ಹಿತ್ತಾಳೆ ಹರಿಯುವಷ್ಟು. ತೂತು ಬಿದ್ದ ಮೇಲೂ ಎಸೆಯದೆ ಇಟ್ಟುಕೊಂಡಿದ್ದರೋ, ತೂತು ಬಿತ್ತು ಅಂತಲೇ ಎಸೆದರೋ, ಅದು ಗೊತ್ತಾಗುವುದಿಲ್ಲ. ನನಗೆ ಈ ಇಷ್ಟು ಸಾಕಾಗುವುದಿಲ್ಲ. ಆದರೆ ಇದಕ್ಕಿಂತ ಜಾಸ್ತಿ ಹೇಳಿದರೆ ಅದು ನನ್ನ ಕಥೆ, ಅವರದ್ದಲ್ಲ.

ಯಂತ್ರಕ್ಕೆ ಕೇಳುವುದು

ಕೆಲವರು ಈ ಯಂತ್ರ ಚಿನ್ನ ತೋರಿಸುತ್ತದೆ ಅಂದುಕೊಂಡಿರುತ್ತಾರೆ. ಅದಕ್ಕೆ ಚಿನ್ನವೂ ಗೊತ್ತಿಲ್ಲ, ಹಳೆಯದು ಹೊಸದೂ ಗೊತ್ತಿಲ್ಲ. ಕೆಳಗಿನ ತಟ್ಟೆಯಂಥ ಕಾಯಿಲ್ ಮಣ್ಣಿನೊಳಗೆ ಕಾಂತಕ್ಷೇತ್ರವನ್ನು ಬಿಡುತ್ತದೆ. ಅಲ್ಲಿ ಲೋಹ ಇದ್ದರೆ ಅದರ ಮೈಯಲ್ಲಿ ಒಂದು ಸಣ್ಣ ವಿದ್ಯುತ್ ಸುಳಿ ಏಳುತ್ತದೆ. ಆ ಸುಳಿಯ ಮಾರ್ದನಿಯನ್ನು ಕಾಯಿಲ್ ಕೇಳಿಸಿಕೊಂಡು ನಮ್ಮ ಕಿವಿಗೆ ದನಿಯಾಗಿ ಕೊಡುತ್ತದೆ. ಕಬ್ಬಿಣದ ಮೊಳೆಗೆ ಒರಟು ಗೊಗ್ಗರು ದನಿ, ದೊಡ್ಡ ಬೆಳ್ಳಿ ನಾಣ್ಯಕ್ಕೆ ಎತ್ತರದ ಸ್ಪಷ್ಟ ದನಿ. ನಾಣ್ಯ ಅಡ್ಡ ಮಲಗಿದ್ದರೆ ಒಂದು ತರಹ, ಅಂಚಿನ ಮೇಲೆ ನಿಂತಿದ್ದರೆ ಇನ್ನೊಂದು ತರಹ. ನಾಲ್ಕಾರು ತಿಂಗಳು ಕಿವಿ ಪಳಗಬೇಕು.

ಇದರಲ್ಲಿ ಒಂದು ಪೇಚಿನ ಸಂಗತಿ ಇದೆ. ಸಣ್ಣ ಚಿನ್ನದ ಉಂಗುರದ ದನಿಯೂ ತಂಪು ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಕೊಂಡಿಯ ದನಿಯೂ ಹೆಚ್ಚುಕಡಿಮೆ ಒಂದೇ. 1960ರ ದಶಕದಲ್ಲಿ ಬಂದ ಆ ಕೊಂಡಿಗಳು ಜನ ಕೂತು ಎದ್ದ ಕಡೆಯಲ್ಲೆಲ್ಲ ಬಿದ್ದಿವೆ. ಅಗೆದೂ ಅಗೆದೂ ಬೇಸತ್ತು ಎಷ್ಟೋ ಜನ ಆ ದನಿ ಬಂದರೆ ಕೇಳಿಸದಂತೆ ಯಂತ್ರವನ್ನು ಹೊಂದಿಸಿಕೊಳ್ಳುತ್ತಾರೆ. ಕಸದ ಜೊತೆ ಉಂಗುರವೂ ಮೌನವಾಗುತ್ತದೆ. ನಾನು ಹಾಗೆ ಮಾಡುವುದಿಲ್ಲ. ದನಿ ಬಂದ ಕಡೆಯೆಲ್ಲ ಅಗೆಯುತ್ತೇನೆ. ಹೊಲದ ಯಜಮಾನರ ಅಪ್ಪಣೆ ಕೇಳಿಯೇ ಕಾಲಿಡುವುದು, ಹಳೆಯ ಸ್ಮಾರಕಗಳ ಹತ್ತಿರಕ್ಕೂ ಹೋಗದಿರುವುದು, ತೋಡಿದ ಗುಂಡಿಯನ್ನು ಮುಚ್ಚಿ ತುಳಿದು ಬರುವುದು, ಸಿಕ್ಕಿದ್ದನ್ನೆಲ್ಲ ಯಜಮಾನರಿಗೆ ತೋರಿಸುವುದು, ಜಾಗ ಮತ್ತು ಆಳವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಇಷ್ಟು ಮಾಡದವರು ಈ ಹವ್ಯಾಸಕ್ಕೆ ಬರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನನಗೂ ಅಂಥ ಒಂದು ಉಂಗುರ ಸಿಕ್ಕಿದ ದಿನ ಬೆಳಿಗ್ಗೆಯಿಂದ ಏಳು ಕೊಂಡಿ ಅಗೆದಿದ್ದೆ. ಎಂಟನೆಯ ಸಲ ಅದೇ ದನಿ. ಬಿಸಿಲು ಏರಿತ್ತು, ಸೊಂಟ ಸೋತಿತ್ತು. ಬಿಟ್ಟು ಹೋಗೋಣ ಅಂತ ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ಬಂದೆ. ಕೈಗುದ್ದಲಿಯಲ್ಲಿ ಒಂದು ಹೆಂಟೆ ಎತ್ತಿ ಮಗುಚಿದೆ. ಹೆಂಟೆಯ ಮೈಯಲ್ಲಿ ಹಳದಿಯ ಒಂದು ಗೆರೆ. ಹಿತ್ತಾಳೆ, ತಾಮ್ರ ಮಣ್ಣಲ್ಲಿ ಕಿಲುಬು ಹಿಡಿದು ಹಸಿರಾಗಿರುತ್ತವೆ. ಬೆಳ್ಳಿ ಕಪ್ಪಾಗಿರುತ್ತದೆ. ಒಳ್ಳೆ ಚಿನ್ನ ಮಾತ್ರ ನಿನ್ನೆ ಬಿದ್ದ ಹಾಗೆ ಏಳುತ್ತದೆ. ಮಣ್ಣು ಉದುರಿಸಿದೆ. ಉಂಗುರ ದುಂಡಗಿರಲಿಲ್ಲ. ಯಾವುದೋ ಚಕ್ರ ಹತ್ತಿ ಇಳಿದು ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಿತ್ತು. ಒಳಮೈಗೆ ಅಂಟಿದ್ದ ಮಣ್ಣನ್ನು ಎಂಜಲು ಹಚ್ಚಿ ಬೆರಳಲ್ಲಿ ಉಜ್ಜಿದರೆ ಎರಡು ಅಕ್ಷರ ಕಂಡವು. ನಡುವೆ ಒಂದು ಪುಟ್ಟ ಚುಕ್ಕೆ. ಅಷ್ಟೇ.

ಎರಡು ಅಕ್ಷರ ಸಾಕಲ್ಲ! ಹೊಲದ ಬದುವಿನ ಮೇಲೆ ಕೂತಲ್ಲೇ ನನ್ನ ತಲೆ ಓಡಿತು. ಪ್ರೀತಿಸಿದವರು. ಮದುವೆಯಾಗಲಿಲ್ಲ. ಇಲ್ಲಿ ನಿಂತು ಜಗಳವಾಡಿ ಅವಳು ಉಂಗುರ ಬಿಚ್ಚಿ ಎಸೆದಳು. ಅಂಗುಸ್ತಾನದ ವಿಷಯದಲ್ಲಿ ಪಾಠ ಕಲಿತಿದ್ದೆ ಅಂದುಕೊಂಡಿದ್ದೆ. ಕಲಿತಿರಲಿಲ್ಲ.

ಸುತ್ತಿಗೆ ಹುಡುಕಲು ಹೋದವರು

ಯಜಮಾನ ಯಾರು ಅಂತ ಕೇಳುವಾಗ ನಾವು ಎಲ್ಲವನ್ನೂ ಕಳೆದದ್ದು ಅಂದುಕೊಳ್ಳುತ್ತೇವೆ. ಕಳೆದುಕೊಂಡವರು ಬೇರೆ, ಬಚ್ಚಿಟ್ಟವರು ಬೇರೆ. ಇಂಗ್ಲೆಂಡಿನ ಸಫೋಕ್‌ನ ಹಾಕ್ಸನ್ ಎಂಬ ಊರಿನ ಕಥೆ ಈ ಹವ್ಯಾಸದವರಿಗೆಲ್ಲ ಬಾಯಿಪಾಠ. 1992ರ ನವೆಂಬರ್‌ನಲ್ಲಿ ಅಲ್ಲಿನ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಎರಿಕ್ ಲಾಸ್ ಎಂಬ ಗೆಳೆಯರನ್ನು ಕರೆದು ಡಿಟೆಕ್ಟರ್‌ನಲ್ಲಿ ನೋಡಲು ಹೇಳಿದರು. ಸುತ್ತಿಗೆ ಹುಡುಕಲು ಹೋದವರಿಗೆ ಸಿಕ್ಕಿದ್ದು ರೋಮನ್ ಕಾಲದ ನಿಧಿ. ಸುಮಾರು 15 ಸಾವಿರ ಚಿನ್ನ ಬೆಳ್ಳಿ ನಾಣ್ಯ, ಒಡವೆ, ಬೆಳ್ಳಿಯ ಚಮಚ. ಲಾಸ್ ಮಾಡಿದ ದೊಡ್ಡ ಕೆಲಸ ಅಂದರೆ, ಸ್ವಲ್ಪ ತೆಗೆದ ಮೇಲೆ ಕೈ ತಡೆದು ನಿಲ್ಲಿಸಿದ್ದು. ತಿಳಿದವರಿಗೆ ಸುದ್ದಿ ಹೋಯಿತು, ಪುರಾತತ್ವದವರು ಬಂದು ಇದ್ದ ಹಾಗೆಯೇ ಬಿಡಿಸಿದರು. ಅದಕ್ಕೇ ಇವತ್ತು ನಮಗೆ ಗೊತ್ತು: ಅದು ಮರದ ಪೆಟ್ಟಿಗೆಯಲ್ಲಿತ್ತು. ಅದರೊಳಗೆ ಚಿಕ್ಕ ಪೆಟ್ಟಿಗೆಗಳಿದ್ದವು. ಅವುಗಳಿಗೆ ಬೆಳ್ಳಿಯ ಪುಟಾಣಿ ಬೀಗಗಳಿದ್ದವು. ವಸ್ತುಗಳು ಒಂದಕ್ಕೊಂದು ತಾಗದಿರಲಿ ಅಂತ ಹುಲ್ಲು ಇಟ್ಟಿದ್ದರು.

ಆ ಹುಲ್ಲು ನನ್ನನ್ನು ಬಹಳ ಕಾಡುತ್ತದೆ. ಭಯದಲ್ಲಿ ಓಡುವವರು ಹುಲ್ಲು ಇಟ್ಟು ಜೋಡಿಸುವುದಿಲ್ಲ. ವಾಪಸ್ ಬರುತ್ತೇವೆ, ಗೀರು ಬೀಳದೆ ಇರಲಿ ಅಂದುಕೊಂಡವರು ಮಾಡುವ ಕೆಲಸ ಅದು. ನಿಧಿಯಲ್ಲಿನ ಕೊನೆಯ ನಾಣ್ಯಗಳು ಕ್ರಿ.ಶ. 407–408ರವು. ರೋಮನ್ ಆಳ್ವಿಕೆ ಆ ದ್ವೀಪದಿಂದ ಜಾರಿಹೋಗುತ್ತಿದ್ದ ಕಾಲ. ಒಂದು ಚಿನ್ನದ ಬಳೆಯ ಮೇಲೆ ಜೂಲಿಯಾನಾ ಎಂಬ ಹೆಸರಿದೆ. ಇದನ್ನು ಸುಖವಾಗಿ ತೊಟ್ಟುಕೋ ಅನ್ನುವ ಹಾರೈಕೆ ಇದೆ. ಹತ್ತು ಚಮಚಗಳ ಮೇಲೆ ಔರೇಲಿಯಸ್ ಉರ್ಸಿಕಿನಸ್ ಅಂತಿದೆ. ಹೆಸರು ಸಿಕ್ಕಿದ ಮೇಲೂ ಅವರು ಗಂಡ ಹೆಂಡತಿಯೋ, ಅಪ್ಪ ಮಗಳೋ, ಪೆಟ್ಟಿಗೆ ಹೂತವರು ಇವರೇನಾ ಅಥವಾ ಇವರ ನಂತರದವರಾ, ಯಾವುದೂ ಇತ್ಯರ್ಥವಾಗಿಲ್ಲ. ಹೂತವರು ವಾಪಸ್ ಬರಲಿಲ್ಲ, ಅದೊಂದು ಖಚಿತ. ಆ ಹೊಲದಲ್ಲಿ ಸಿಕ್ಕಿದ ವಸ್ತುಗಳಲ್ಲಿ ಯಜಮಾನ ಯಾರು ಅಂತ ಅನುಮಾನವೇ ಇಲ್ಲದೆ ಗೊತ್ತಿರುವುದು ಒಂದೇ ಒಂದಕ್ಕೆ. ಸುತ್ತಿಗೆಗೆ. ಅದೂ ಸಿಕ್ಕಿತು. ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಕಿತ್ತುಕೊಂಡದ್ದೂ ಉಂಟು. 2009ರಲ್ಲಿ ಇಂಗ್ಲೆಂಡಿನದೇ ಸ್ಟಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಸಿಕ್ಕಿದ ನಿಧಿಯಲ್ಲಿ ಸುಮಾರು 4 ಕೆಜಿ ಚಿನ್ನ ಇತ್ತು. ಹೆಚ್ಚಿನದ್ದು ಕತ್ತಿಗಳ ಹಿಡಿಯಿಂದ ಕಿತ್ತ ಅಲಂಕಾರದ ತುಣುಕುಗಳು. ಕತ್ತಿಯ ಅಲಗು ಇಲ್ಲ. ಹಿಡಿದವರ ಹೆಸರು ಇಲ್ಲ. ತಿರುಚಿ, ಬಗ್ಗಿಸಿ, ಕಿತ್ತು ಒಟ್ಟುಮಾಡಿದ್ದಾರೆ. ಆ ಒಂದೊಂದು ತುಣುಕಿಗೂ ಯಜಮಾನ ಅಂದರೆ ಯಾರು, ಮೊದಲು ಹಿಡಿದವನೋ, ಕಿತ್ತವನೋ, ಹೂತವನೋ? ನಮ್ಮ ಪ್ರಶ್ನೆಯೇ ಅಲ್ಲಿ ಮುಗ್ಗರಿಸುತ್ತದೆ.

ಹಾಗಾದ್ರೆ ಅವಳು ತಗೊಂಡಿರಲಿಲ್ಲ

ಉಂಗುರ ಸಿಕ್ಕಿದ ಸಂಜೆಯೇ ಹೊಲದ ಯಜಮಾನರ ಮನೆಗೆ ಹೋದೆ. ಅಂಗೈಯಲ್ಲಿಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಅಕ್ಷರ ಓದಿದರು. ಏನೂ ಹೇಳದೆ ಒಳಗೆ ಹೋಗಿ ಅಮ್ಮನನ್ನು ಕೈಹಿಡಿದು ಕರೆದುಕೊಂಡು ಬಂದರು. ಅಜ್ಜಿಗೆ ಎಂಬತ್ತು ದಾಟಿದೆ. ಕಣ್ಣು ಮಂಜು. ಉಂಗುರವನ್ನು ನೋಡಲಿಲ್ಲ, ಬೆರಳಲ್ಲಿ ತಡವಿದರು. ಒಳಮೈಯ ಅಕ್ಷರದ ಮೇಲೆ ಉಗುರು ಆಡಿಸಿದರು.

"ಎಲ್ಲಿತ್ತಪ್ಪಾ ಇದು?" ಅಂದರು.

ಹೊಲದಲ್ಲಿ, ಅಜ್ಜಿ, ಅಂದೆ. ಬಾವಿ ಕಡೆಯ ಬದುವಿನಿಂದ ಇಪ್ಪತ್ತು ಹೆಜ್ಜೆ ಒಳಗೆ. ಇಷ್ಟು ಆಳದಲ್ಲಿ. ಕೈಯಲ್ಲಿ ಗೇಣು ತೋರಿಸಿದೆ, ಆಮೇಲೆ ಅವರಿಗೆ ಕಾಣುವುದಿಲ್ಲ ಅಂತ ನೆನಪಾಗಿ ಅವರ ಕೈ ಹಿಡಿದು ತೋರಿಸಿದೆ.

ನಾನು ಕಾಯುತ್ತಿದ್ದದ್ದು ಸಂತೋಷಕ್ಕೆ. ಕಣ್ಣಲ್ಲಿ ನೀರು, ಮುಖದಲ್ಲಿ ನಗು, ನನ್ನ ತಲೆಯ ಮೇಲೊಂದು ಕೈ. ಇಂಥ ವಿಡಿಯೋಗಳನ್ನು ಎಷ್ಟು ನೋಡಿದ್ದೇನೆ! ಅಜ್ಜಿ ನಗಲಿಲ್ಲ. ಉಂಗುರವನ್ನು ಬೆರಳಿಗೆ ಹಾಕಿಕೊಳ್ಳಲೂ ಇಲ್ಲ. ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಮೆಲ್ಲಗೆ ಹೇಳಿದರು, "ಹಾಗಾದ್ರೆ ಅವಳು ತಗೊಂಡಿರಲಿಲ್ಲ."

ಕಥೆ ಆಮೇಲೆ ತುಣುಕು ತುಣುಕಾಗಿ ಬಂತು. ಅಕ್ಷರಗಳು ಪ್ರೇಮಿಗಳದ್ದಲ್ಲ. ಒಂದು ಅಜ್ಜಿಯದ್ದು, ಇನ್ನೊಂದು ಅವರ ಅಣ್ಣನದ್ದು. ಅಣ್ಣ ತನ್ನ ಮೊದಲ ಸಂಪಾದನೆಯಲ್ಲಿ ಮಾಡಿಸಿಕೊಟ್ಟ ಉಂಗುರ. ಆ ವರ್ಷ ಅಜ್ಜಿಗೆ ಜ್ವರ ಬಂದು ಎರಡು ತಿಂಗಳು ಮಲಗಿದ್ದರು, ಬೆರಳು ಕಡ್ಡಿಯಾಗಿತ್ತು. ಎದ್ದು ಓಡಾಡುವಂತಾದ ಮೇಲೆ ಒಂದು ದಿನ ನೋಡಿದರೆ ಉಂಗುರ ಇಲ್ಲ. ಕಾಳಿನ ಡಬ್ಬಗಳನ್ನೆಲ್ಲ ಸುರಿದು ನೋಡಿದರು. ಬಚ್ಚಲ ಮೋರಿ ತೋಡಿಸಿದರು. ಹೊಲದ ನೆನಪು ಯಾರಿಗೂ ಬರಲಿಲ್ಲ, ಯಾಕೆಂದರೆ ಜ್ವರದಿಂದ ಎದ್ದವರು ಹೊಲಕ್ಕೆ ಯಾಕೆ ಹೋಗುತ್ತಾರೆ? ಒಂದೇ ಒಂದು ಸಂಜೆ ಗಾಳಿಗೆ ಅಂತ ಬದುವಿನವರೆಗೆ ಹೋಗಿ ನಾಲ್ಕು ಕಳೆ ಕಿತ್ತು ಬಂದಿದ್ದು ಅವರಿಗೇ ಮರೆತುಹೋಗಿತ್ತು. ಆ ತಿಂಗಳುಗಳಲ್ಲಿ ಅವರನ್ನು ನೋಡಿಕೊಂಡು, ಕೈಕಾಲು ತೊಳೆಸಿ, ತಲೆ ಬಾಚಿದ್ದು ಮನೆಗೆಲಸಕ್ಕೆ ಇದ್ದ ಒಂದು ಹುಡುಗಿ. ಹದಿನಾಲ್ಕೋ ಹದಿನೈದೋ. ಉಂಗುರ ಬಿಚ್ಚಲು ಸಿಕ್ಕುವಷ್ಟು ಹತ್ತಿರ ಇದ್ದವಳು ಅವಳೊಬ್ಬಳೇ. ಮನೆಯವರು ಕೇಳಿದರು. ಹೆದರಿಸಿ ಕೇಳಿದರು. ಅವಳು ಇಲ್ಲ ಅಂದಳು. ಎರಡು ದಿನ ಬಿಟ್ಟು ಕಳಿಸಿಬಿಟ್ಟರು.

"ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ" ಅಂದರು ಅಜ್ಜಿ. ಇದಾಗಿ ಐವತ್ತು ವರ್ಷದ ಮೇಲಾಗಿದೆ.

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅಂತ ಖುಷಿಯಲ್ಲಿ ಹೋದವನು ನಾನು. ಮನೆಗೆ ಬರುವಾಗ ಎದೆ ಭಾರವಾಗಿತ್ತು. ಇಷ್ಟು ವರ್ಷ ಪ್ರತಿ ವಸ್ತುವಿಗೂ ಒಬ್ಬ ಯಜಮಾನನನ್ನು ಹುಡುಕಿದ್ದೆ. ವಸ್ತು ಕಾಣೆಯಾದಾಗ ಯಾರ ಕಡೆ ತಿರುಗಿ ನೋಡಿದರು ಅಂತ ಒಮ್ಮೆಯೂ ಕೇಳಿರಲಿಲ್ಲ. ಉಂಗುರ ಅಜ್ಜಿಯದ್ದು, ಸರಿ. ಆದರೆ ಅದು ಮಣ್ಣಲ್ಲಿ ಇದ್ದ ಅಷ್ಟೂ ವರ್ಷ ಅದರ ಭಾರ ಹೊತ್ತವಳು ಆ ಹುಡುಗಿ. ಅವಳ ಬೆರಳಿಗೆ ಅದು ಏರಿಯೇ ಇರಲಿಲ್ಲ.

ಬಿದ್ದ ಜಾಗ

ಆ ರಾತ್ರಿ ನನಗೆ ನೆನಪಾದದ್ದು ಅಮೆರಿಕದ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್. 1876ರ ಜೂನ್‌ನಲ್ಲಿ ಅಲ್ಲಿ ನಡೆದ ಕಾಳಗದಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್ ಮತ್ತು ಅವನ ಜೊತೆಗೆ ನಿಂತ ತುಕಡಿಯ ಸೈನಿಕರು ಎಲ್ಲರೂ ಸತ್ತರು. ಉಳಿದು ಕಥೆ ಹೇಳಿದವರು ಎದುರು ಪಕ್ಷದ ಮೂಲನಿವಾಸಿಗಳಾದ ಲಕೋಟ, ಷೈಯೆನ್ ಯೋಧರು. ಅವರ ಮಾತನ್ನು ಬಹಳ ಕಾಲ ಗಟ್ಟಿ ಸಾಕ್ಷಿ ಅಂತ ಯಾರೂ ಎಣಿಸಲಿಲ್ಲ. 1983ರಲ್ಲಿ ಬೆಂಕಿ ಬಿದ್ದು ಅಲ್ಲಿನ ಹುಲ್ಲೆಲ್ಲ ಸುಟ್ಟು ನೆಲ ಬತ್ತಲಾಯಿತು. ಮರುವರ್ಷ ಪುರಾತತ್ವದವರು ಡಿಟೆಕ್ಟರ್ ಹಿಡಿದ ಸ್ವಯಂಸೇವಕರನ್ನು ಸಾಲಾಗಿ ನಡೆಸಿದರು. ದನಿ ಬಂದ ಕಡೆಯೆಲ್ಲ ಒಂದು ಬಾವುಟ ನೆಟ್ಟರು. ಪ್ರತಿ ತೋಟಾ ಎಲ್ಲಿ ಬಿದ್ದಿತ್ತು ಅಂತ ಅಳೆದು ಬರೆದರು. ಬಂದೂಕು ಹಾರಿಸಿದಾಗ ಒಳಗಿನ ಪಿನ್ನು ತೋಟಾದ ಲೋಹದ ಮೇಲೆ ಒಂದು ಗುರುತು ಮೂಡಿಸುತ್ತದೆ. ಒಂದು ಬಂದೂಕಿನ ಗುರುತು ಇನ್ನೊಂದರಂತೆ ಇರುವುದಿಲ್ಲ. ಹಾಗೆ ಗುರುತು ಹೊಂದಿಸುತ್ತಾ ಹೋಗಿ, ಒಂದೇ ಬಂದೂಕು ಮೊದಲು ಎಲ್ಲಿ ಸಿಡಿಯಿತು, ಆಮೇಲೆ ಎಲ್ಲಿಗೆ ಹೋಯಿತು ಅಂತ ಹೆಜ್ಜೆ ಹಿಡಿದರು. ಹಿಡಿದವನ ಹೆಸರು ಗೊತ್ತಿಲ್ಲ. ಅವನು ಆ ದಿಬ್ಬದಿಂದ ಈ ದಿಬ್ಬಕ್ಕೆ ಬಂದದ್ದು ಗೊತ್ತು. ಆ ಯೋಧರು ಹೇಳಿದ್ದಕ್ಕೂ ತೋಟಾ ಬಿದ್ದ ಜಾಗಗಳಿಗೂ ಹಲವು ಕಡೆ ತಾಳೆ ಬಂತು. ನೂರು ವರ್ಷ ಕಿವಿಗೆ ಹಾಕಿಕೊಳ್ಳದ ಮಾತಿಗೆ ನೆಲ ಹೌದು ಅಂದಿತು.

ಯಾರೋ ಆ ತೋಟಾಗಳನ್ನು ಸುಮ್ನೆ ಹೆಕ್ಕಿ ಚೀಲಕ್ಕೆ ಹಾಕಿಕೊಂಡು ಹೋಗಿದ್ದರೆ? ಲೋಹ ಇರುತ್ತಿತ್ತು, ಮಾತು ಇರುತ್ತಿರಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1997ರಿಂದ ಒಂದು ಯೋಜನೆ ನಡೆಯುತ್ತಿದೆ. ಜನಸಾಮಾನ್ಯರಿಗೆ ಸಿಕ್ಕಿದ ಹಳೆಯ ವಸ್ತುಗಳನ್ನು, ಸಿಕ್ಕಿದ ಜಾಗದ ಸಮೇತ, ದಾಖಲು ಮಾಡಿಕೊಳ್ಳುತ್ತಾರೆ. ಅಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಅದರಲ್ಲಿ ಬಹುಪಾಲು ನನ್ನ ಅಂಗುಸ್ತಾನದಂಥ ಪುಡಿ ವಸ್ತುಗಳೇ, ಗುಂಡಿ, ಬಕಲ್, ಸವೆದ ನಾಣ್ಯ. ಮೊದಲು ನನಗೆ ಆ ಬರೆದಿಡುವ ಕೆಲಸ ಬೇಸರದ್ದಾಗಿತ್ತು. ವಸ್ತುವೇ ಮುಖ್ಯ, ಜಾಗ ಲೆಕ್ಕದ ಪುಸ್ತಕಕ್ಕೆ ಅನ್ನಿಸುತ್ತಿತ್ತು. ಈಗ ನೋಡಿದರೆ, ಬಾವಿ ಕಡೆಯ ಬದುವಿನಿಂದ ಇಪ್ಪತ್ತು ಹೆಜ್ಜೆ ಅನ್ನುವ ಆ ಒಂದು ಸಾಲು ಇರದಿದ್ದರೆ ಅಜ್ಜಿಗೆ ಆ ಸಂಜೆ, ಆ ನಾಲ್ಕು ಕಳೆ, ಯಾವುದೂ ನೆನಪಾಗುತ್ತಿರಲಿಲ್ಲ. ಉಂಗುರವನ್ನು ಕದ್ದವಳು ಹೆದರಿ ಎಸೆದಳು ಅಂತಲೂ ಯಾರಾದರೂ ಹೇಳಿಬಿಡಬಹುದಿತ್ತು.

ಕಳೆದ ವಾರ ಯಜಮಾನರ ಫೋನ್ ಬಂತು. ಹುಡುಗಿಯ ಮನೆಯವರ ಪತ್ತೆ ಸಿಕ್ಕಿದೆಯಂತೆ. ಹುಡುಗಿ ಅಂತಲೇ ಹೇಳುತ್ತಿದ್ದರು, ಈಗ ಅವರಿಗೂ ಮೊಮ್ಮಕ್ಕಳು. ಅರ್ಧ ದಿನದ ದಾರಿ. ಅಜ್ಜಿ ಹೋಗಲೇಬೇಕು ಅಂತ ಹಟ ಹಿಡಿದಿದ್ದಾರೆ. ಉಂಗುರ ಅವರಿಗೇ ಕೊಡಬೇಕು ಅಂತ ಇದ್ದಾರೆ. ಅವರು ತಗೊಳ್ಳುತ್ತಾರೋ ಇಲ್ಲವೋ. ನಾನಾಗಿದ್ದರೆ ತಗೊಳ್ಳುತ್ತಿರಲಿಲ್ಲ ಅನ್ನಿಸುತ್ತದೆ. ಚಪ್ಪಟೆಯಾದದ್ದನ್ನು ದುಂಡಗೆ ಮಾಡಿಸೋಣವೇ ಅಂತ ಮಗ ಕೇಳಿದ್ದಕ್ಕೆ ಅಜ್ಜಿ ಬೇಡ ಅಂದರಂತೆ, ಮಣ್ಣಲ್ಲಿ ಇದ್ದದ್ದು ಕಾಣಲಿ ಅಂತ.

ಆಮೇಲೆ ಫೋನ್ ಅಜ್ಜಿಯ ಕೈಗೆ ಹೋಯಿತು. "ನೀನೂ ಬಾರಪ್ಪಾ. ನಾನು ಹೇಳಿದ್ರೆ ನಂಬ್ತಾರೋ ಇಲ್ವೋ. ಹೊಲದಲ್ಲಿ ಸಿಕ್ತು ಅಂತ ನೀನೇ ಹೇಳ್ಬೇಕು."

ಭಾನುವಾರ ಹೊರಡುತ್ತಿದ್ದೇವೆ. ಆ ದಿನದ ಪುಟದ ಫೋಟೋ ಫೋನಿನಲ್ಲಿದೆ, ಆದರೂ ನೋಟ್‌ಬುಕ್ಕನ್ನೇ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಪುಟದ ಮೂಲೆಯಲ್ಲಿ ಅವತ್ತಿನ ಹೆಬ್ಬೆಟ್ಟಿನ ಮಣ್ಣು ಇನ್ನೂ ಇದೆ.